ಕ್ರಿಸ್‌ಮಸ್ ದಿನ ನಾನು ಅಪ್ಪನನ್ನು ಸಾಯಿಸಿದ್ದು

ನಮ್ಮ ಲೈನಿನಲ್ಲಿ ಕ್ರಿಸ್‌ಮಸ್ ಬಂತೆಂದರೆ ಎಲ್ಲರಿಗೂ ರಜ, ನಮ್ಮಮ್ಮನಿಗೆ ಮಾತ್ರ ಏಟು. ಇದನ್ನು ಚಮತ್ಕಾರಕ್ಕೆ ಹೇಳುತ್ತಿಲ್ಲ. ಅಪ್ಪ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸದವನು. ಪಾಳಿ ಮುಗಿಸಿ ಮೇಲೆ ಬರುವಷ್ಟರಲ್ಲಿ ಅವನಲ್ಲಿ ಕೈ ಎತ್ತುವ ತ್ರಾಣವೂ ಉಳಿದಿರುತ್ತಿರಲಿಲ್ಲ. ಮೈ ತೊಳೆದು, ಮುದ್ದೆ ನುಂಗಿ, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಕ್ರಿಸ್‌ಮಸ್‌ಗೆ ಗಣಿ ಮುಚ್ಚುತ್ತಿತ್ತು. ಎರಡು ಮೂರು ದಿನ ಅವನು ಮೇಲೆಯೇ ಇರುತ್ತಿದ್ದ, ಹಗಲು ಬೆಳಕಿನಲ್ಲಿ, ಸಾರಾಯಿ ಸೀಸೆಯ ಜೊತೆ. ಆ ಎರಡು ಮೂರು ದಿನಕ್ಕೆ ಅವನ ಇಡೀ ವರ್ಷದ ಬಲ ವಾಪಸ್ಸು ಬರುತ್ತಿತ್ತು.

ನಾವಿದ್ದದ್ದು ಊರಿಗಾಂ ಕಡೆ, ಗಣಿ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಬಿದಿರ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ. ಆ ಕಡೆ ಸೀನಿದರೆ ಈ ಕಡೆಯಿಂದ ‘ಚಿರಂಜೀವಿ’ ಅನ್ನಬಹುದಿತ್ತು. ಪಕ್ಕದ ಮನೆ ತಮಿಳು ಕ್ರೈಸ್ತರದು. ಆ ಮನೆಯಾಕೆಯನ್ನು ಅಮ್ಮನೂ ಅಕ್ಕ ಅನ್ನುತ್ತಿದ್ದಳು, ನಾನೂ ಅಕ್ಕ ಅನ್ನುತ್ತಿದ್ದೆ. ಡಿಸೆಂಬರ್ ಬಂದರೆ ಅವಳ ಬಾಗಿಲ ಮುಂದೆ ಬಣ್ಣದ ಕಾಗದದ ನಕ್ಷತ್ರ ನೇತಾಡುತ್ತಿತ್ತು. ಅಚ್ಚು ಮುರುಕು ಕರಿಯುವ ವಾಸನೆ ತಟ್ಟಿಯ ಸಂದಿನಿಂದ ನಮ್ಮ ಒಲೆಯವರೆಗೂ ಬರುತ್ತಿತ್ತು. ನನಗೆ ಬಾಯಲ್ಲಿ ನೀರು, ಕಣ್ಣು ಅಪ್ಪನ ಸೀಸೆಯ ಮೇಲೆ. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಕೈ ತಾನಾಗಿಯೇ ಮುಷ್ಟಿಯಾಗುತ್ತದೆ, ಮೊಮ್ಮಕ್ಕಳು ನೋಡಿ ನಗುತ್ತಾರೆ.

ಅಮ್ಮ ಸದ್ದು ಮಾಡದೆ ಏಟು ತಿನ್ನುತ್ತಿದ್ದಳು. ಹಬ್ಬದ ಮನೆಯ ಪಕ್ಕದಲ್ಲಿ ಅತ್ತರೆ ಆ ಮನೆಗೆ ಕೇಡು ಎಂಬುದು ಅವಳ ನಂಬಿಕೆ. ಸೆರಗನ್ನು ಬಾಯಿಗೆ ತುರುಕಿಕೊಂಡು, ಮಂಡಿಗಳ ನಡುವೆ ತಲೆ ಇಟ್ಟುಕೊಂಡು ಕೂತುಬಿಡುತ್ತಿದ್ದಳು. ಹಬ್ಬ ಅವರದು, ಅದರ ಮರ್ಯಾದೆ ಕಾಯುವ ಕೆಲಸ ಇವಳದು. ಅಪ್ಪನ ಕೈಯ ಮೇಲಿದ್ದಷ್ಟೇ ಸಿಟ್ಟು ನನಗೆ ಆ ಸೆರಗಿನ ಮೇಲೂ ಇತ್ತು.

ಅಮ್ಮ ಬಂಗಾರಪೇಟೆ ಹತ್ತಿರದ ಹಳ್ಳಿಯ ಬೇಸಾಯದ ಮನೆಯವಳು. ಕನ್ನಡ ಬರುತ್ತಿತ್ತು, ತೆಲುಗು ಬರುತ್ತಿತ್ತು, ತಮಿಳು ಬರುತ್ತಿರಲಿಲ್ಲ. ಗಣಿಗೆ ಇಳಿಯುವುದಕ್ಕೆ ಅವಳೂ ಅವಳ ತವರಿನವರೂ ‘ಅಡೀಗೆ ಓಗೋದು’ ಅನ್ನುತ್ತಿದ್ದರು. ತಮಿಳಿನಲ್ಲಿ ಅಡಿ ಅಂದರೆ ಏಟು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕೆನ್ನೆಯ ಬಾವು ನೋಡಿ ಪಕ್ಕದ ಮನೆ ಅಕ್ಕ, “ಅಡಿಕ್ಕಿರಾನಾ?” ಎಂದಳಂತೆ, ಗಂಡ ಹೊಡೆಯುತ್ತಾನಾ ಎಂದು. ಗಂಡ ಅಡಿಗೆ ಇಳಿಯುತ್ತಾನಾ ಎಂದು ಕೇಳುತ್ತಿದ್ದಾಳೆ ಅಂದುಕೊಂಡ ಅಮ್ಮ, “ಊಂ ಅಕ್ಕಾ, ದಿನಾ ಬೆಳಿಗ್ಗೆ. ಭಾನುವಾರ ಒಂದಿನ ರಜ” ಎಂದಳಂತೆ. ಕೊಳಾಯಿಯ ಹತ್ತಿರ ಈ ಮಾತು ಹೇಳಿಕೊಂಡು ಲೈನಿನ ಹೆಂಗಸರು ವರ್ಷಗಟ್ಟಲೆ ನಕ್ಕರು. ಅರ್ಥವಾದ ಮೇಲೆ ಅಮ್ಮನೂ ನಕ್ಕಳು. ನಿಜ ಮಾತ್ರ ತಿರುಗುಮುರುಗು. ಏಟು ಬೀಳುತ್ತಿದ್ದದ್ದು ರಜದ ದಿನವೇ.

ಅಪ್ಪ ಬರೀ ರಾಕ್ಷಸನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಡಿಸೆಂಬರ್ ಸಂಜೆಗಳಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದೊರೆಗಳ ಬಂಗಲೆಯ ದೀಪ ತೋರಿಸಲು ಹೋಗುತ್ತಿದ್ದವನೂ ಅವನೇ. ಒಂದು ಸಲ ನೆಲದಡಿಯಲ್ಲಿ ಬಂಡೆ ಸಿಡಿದು ನಮ್ಮ ಮನೆಯ ಪಾತ್ರೆಗಳೆಲ್ಲ ಗೂಡಿನಿಂದ ಉರುಳಿದವು. ಅಪ್ಪನ ಜೊತೆಯವನೊಬ್ಬ ಅದರಲ್ಲಿ ಸಿಕ್ಕಿಕೊಂಡಿದ್ದ. ಅವನನ್ನು ಬಂಡೆಯಡಿಯಿಂದ ತುಂಡು ತುಂಡಾಗಿ ತೆಗೆದವರಲ್ಲಿ ಅಪ್ಪನೂ ಇದ್ದ. ಅವತ್ತು ಮನೆಗೆ ಬಂದು ಕತ್ತಲಾಗುವವರೆಗೆ ಕೈ ತೊಳೆದ. ಆಮೇಲೆಯೇ ಅವನು ಕೆಟ್ಟುಹೋದ ಎಂದು ದೊಡ್ಡವರು ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಕೆನ್ನೆಯ ಬಾವು ಅದಕ್ಕೂ ಎಷ್ಟೋ ಹಿಂದಿನದು.

ನನಗೆ ಹತ್ತು ವರ್ಷವಾಗಿದ್ದಾಗಿನ ಕ್ರಿಸ್‌ಮಸ್ ಮಧ್ಯಾಹ್ನ ಅವನು ಅಮ್ಮನ ಜುಟ್ಟು ಹಿಡಿದು ಒರಳುಕಲ್ಲಿಗೆ ಅವಳ ತಲೆ ಗುದ್ದುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅಷ್ಟೆ. ನಾನು ಒಲೆಯಿಂದ ಉರಿಯುವ ಕೊಳ್ಳಿ ಎಳೆದು ಅವನ ಬೆನ್ನಿಗೆ ಒತ್ತಿದೆ. ಚರ್ಮ ಚುರ್ರೆಂದಿತು. ಅವನು ತಿರುಗಿ ನನ್ನನ್ನು ನೋಡಿದ, ಯಾರಿವಳು ಎಂಬಂತೆ. ಆಮೇಲೆ ನಕ್ಕು, “ನನ್ ಮಗಳು ಕಣೇ ಇವ್ಳು!” ಎಂದ. ನಕ್ಕ ಬಾಯಿ ಮುಚ್ಚುವ ಮೊದಲೇ ಒದ್ದ. ನಾನು ಹೊಸ್ತಿಲ ಮೇಲೆ ಬಿದ್ದು ಮುಂದಿನ ಹಲ್ಲು ಮುರಿಯಿತು. ಆ ಹಲ್ಲು ಮತ್ತೆ ಬರಲಿಲ್ಲ.

ಹೀಗಾಗಿ ಮುಂದಿನ ಡಿಸೆಂಬರ್‌ನಲ್ಲಿ, ಸ್ಕೂಲಿಗೆ ರಜ ಬಿಟ್ಟ ದಿನವೇ ಅಮ್ಮ ನನ್ನ ಬಟ್ಟೆ ಗಂಟು ಕಟ್ಟಿದಳು.

“ಅಜ್ಜಿ ಮನೆಗೆ ಓಗು. ನೀನಿಲ್ಲಿದ್ರೆ ಕೊಲೆ ಆಯ್ತದೆ.”

“ಯಾರ್ದು?”

“ಯಾರ್ದಾದ್ರೂ.”

ನನಗೆ ಅಳು ಬಂತು. ಅಮ್ಮನಿಗಾಗಿ ಅಂತ ಹೇಳಿದರೆ ಸುಳ್ಳಾಗುತ್ತದೆ. ಪಕ್ಕದ ಮನೆ ಅಕ್ಕ ಆ ವರ್ಷ ಕುಲ್‌ಕುಲ್ ಎಂಬ ಹಬ್ಬದ ಕರಿದ ತಿಂಡಿ ಮಾಡುವಾಗ ಹಿಟ್ಟು ಸುತ್ತಲು ನನ್ನನ್ನು ಕರೆದಿದ್ದಳು, ಅದು ತಪ್ಪಿಹೋಯಿತಲ್ಲ ಎಂದು ಅತ್ತೆ. ಅದೇ ಸಿಟ್ಟಿನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದೆ. ಮಾವ, ಅಮ್ಮನ ತಮ್ಮ, ಬಂದು ಕರೆದುಕೊಂಡು ಹೋದ.

ಅಜ್ಜಿ ಕೆಟ್ಟವಳಲ್ಲ. ಆದರೆ ಅವಳ ಸೊಂಟದಲ್ಲಿ ಎಲೆಅಡಿಕೆ ಚೀಲ ಇದ್ದ ಹಾಗೆ ಬಾಯಲ್ಲಿ ಯಾವಾಗಲೂ ಒಂದು ಗಾದೆ ಇರುತ್ತಿತ್ತು. ಅಮ್ಮ ಹಿಂದೆ ಎರಡು ಸಲ ಮೈಯೆಲ್ಲ ಬಾಸುಂಡೆಯಾಗಿ ತವರಿಗೆ ಓಡಿ ಬಂದಿದ್ದಳು. ಎರಡು ಸಲವೂ ಅಜ್ಜಿ ಬಿಸಿನೀರು ಹುಯ್ದು, ಕೋಳಿ ಕೊಯ್ದು ಉಣ್ಣಿಸಿ, “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ” ಎಂದು ರಾಗಿಹಿಟ್ಟಿನ ಚೀಲ ಹೊರಿಸಿ ವಾಪಸ್ಸು ಕಳಿಸಿದ್ದಳು. ಎರಡನೆಯ ಸಲ, “ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ” ಎಂದೂ ಸೇರಿಸಿದ್ದಳು. ಆ ಗಾದೆ ಕಟ್ಟಿದವರು ಯಾರೋ, ನನ್ನ ಕೈಗೆ ಸಿಕ್ಕಿದ್ದರೆ ಅವರಿಗೂ ಒಂದು ಕೊಳ್ಳಿ ಇಡುತ್ತಿದ್ದೆ.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಕಣದಲ್ಲಿ ರಾಗಿ ಬಡಿಯುತ್ತಿದ್ದೆವು. ಹೊಸ ಶರ್ಟು ತೊಟ್ಟ ಒಬ್ಬಾತ ಹೊಲದ ಬದುವಿನ ಮೇಲೆ ಓಡಿಕೊಂಡು ಬಂದ. ಪಕ್ಕದ ಮನೆ ಅಕ್ಕನ ತಮ್ಮ. ಹಬ್ಬದ ದಿನ ಚರ್ಚಿಗೂ ಹೋಗದೆ, ಊಟವನ್ನೂ ಮಾಡದೆ ಮೊದಲ ರೈಲು ಹಿಡಿದು ಬಂದಿದ್ದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಅಜ್ಜಿಯ ಮುಂದೆ ನಿಂತು ಏದುಸಿರು ಬಿಡುತ್ತಾ, “ಅಕ್ಕಾವುಕ್ಕು ರೊಂಬ ಅಡಿ. ಉಡನೆ ವಾಂಗ” ಎಂದ.

ಲೈನಿನಲ್ಲಿ ಹುಟ್ಟಿ ಬೆಳೆದ ನನಗೆ ಪೂರ್ತಿ ಅರ್ಥವಾಯಿತು. ಅಕ್ಕನಿಗೆ ತುಂಬಾ ಏಟು ಬಿದ್ದಿದೆ, ಕೂಡಲೇ ಬನ್ನಿ. ಅವನು ಅಕ್ಕ ಅನ್ನುತ್ತಿದ್ದದ್ದು ನನ್ನಮ್ಮನನ್ನು.

ಅಜ್ಜಿಗೆ ಹಿಡಿದದ್ದು ಒಂದೇ ಪದ. “ಅಡಿಯಾಗಾ? ಅಡಿಯಾಗೆ ಏನಾಯ್ತಪ್ಪಾ? ನಮ್ ಅಳಿಯಂಗೆ ಏನಾಯ್ತು?”

“ಆಮಾ, ಆಮಾ, ಅಡಿ!” ಎಂದು ಅವನು ತಲೆಯಾಡಿಸಿದ, ತಿಳಿಯಿತಲ್ಲ ಎಂಬ ಸಮಾಧಾನದಲ್ಲಿ.

ಅಜ್ಜಿ ನನ್ನ ಕಡೆ ತಿರುಗಿದಳು. “ಲೇ, ನಿಂಗೆ ಇವರ್ ಮಾತು ಬತ್ತದಲ್ಲ. ಏನಂತಾನೆ ಇವ್ನು?”

ಆಗ ನಾನು ಯೋಚಿಸಿದ್ದು ಇವತ್ತಿಗೂ ಚೆನ್ನಾಗಿ ನೆನಪಿದೆ. ಏಟು ಎಂದರೆ ಅಜ್ಜಿ ಗಾದೆ ಹೇಳುತ್ತಾಳೆ, ರಾಗಿ ಬಡಿಯುವುದು ಮುಗಿಯಲಿ ಅನ್ನುತ್ತಾಳೆ, ನಾಡಿದ್ದು ಮಾವನನ್ನು ಕಳಿಸುತ್ತಾಳೆ. ನಾಡಿದ್ದಿಗೆ ಅಮ್ಮ ಇರುತ್ತಾಳೋ ಇಲ್ಲವೋ. ಸಾವು ಎಂದರೆ ಉಟ್ಟ ಬಟ್ಟೆಯಲ್ಲೇ ಓಡುತ್ತಾರೆ.

“ಅಪ್ಪ ಅಡಿಯಾಗೆ ಓಗ್ಬುಟ್ಟ ಅಂತಾನೆ” ಎಂದೆ.

ಅಜ್ಜಿ ಕಣದಲ್ಲೇ ಕುಸಿದು ಎದೆ ಬಡಿದುಕೊಂಡಳು. ಮಾವ ಮಾತ್ರ, “ಇವತ್ತು ಗಣಿ ರಜ ಅಲ್ವೇನೇ?” ಎಂದ. “ನಿನ್ನೆ ಪಾಳಿಯಾಗೆ” ಎಂದೆ. ಒಂದು ಸುಳ್ಳಿಗೆ ಕಾವಲು ಇನ್ನೊಂದು. ಬಂದವನು ಅಜ್ಜಿಯ ಅಳು ನೋಡಿ, ಮಗಳಿಗೆ ಏಟಾದದ್ದಕ್ಕೆ ಈ ಮುದುಕಿ ಎಷ್ಟು ಗೋಳಾಡುತ್ತಾಳೆ ಎಂದು ತಾನೂ ಕಣ್ಣೊರೆಸಿಕೊಂಡ.

ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಮಾವ ಹಿತ್ತಿಲಿನ ಚೆಂಡು ಹೂವು ಕಿತ್ತು ದಪ್ಪನೆಯ ಹಾರ ಕಟ್ಟಿಸಿದ, ಬಂಗಾರಪೇಟೆಯ ಅಂಗಡಿಯಲ್ಲಿ ಹೆಣಕ್ಕೆ ಹೊದಿಸಲು ಬಿಳಿ ಬಟ್ಟೆ ತೆಗೆದುಕೊಂಡ. ರೈಲಿನಲ್ಲಿ ಅಕ್ಕನ ತಮ್ಮ ನನ್ನ ಕಿವಿಯಲ್ಲಿ, ಈ ಹಾರ ಯಾಕೆ ಎಂದು ತಮಿಳಿನಲ್ಲಿ ಕೇಳಿದ. “ನಿಮ್ಮ ಹಬ್ಬಕ್ಕೆ” ಎಂದೆ. ಅವನು ಬಹಳ ಸಂತೋಷಪಟ್ಟ. ಎದುರು ಸೀಟಿನಲ್ಲಿ ಅಜ್ಜಿ ಅಪ್ಪನ ಗುಣಗಳನ್ನು ಒಂದೊಂದಾಗಿ ಹೇಳಿಕೊಂಡು ಅಳುತ್ತಿದ್ದಳು. ಹುಲಿಯಂಥ ಅಳಿಯ, ಬಂಗಾರದಂಥ ಅಳಿಯ. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ. ನನಗೆ ಭಯವಾಗಿತ್ತು, ಜೊತೆಗೆ ಹೇಳಬಾರದಂಥ ಒಂದು ಹಗುರವೂ ಆಗಿತ್ತು. ಅಪ್ಪ ಇಲ್ಲದ ಮನೆ ಹೇಗಿರುತ್ತದೆ ಎಂದು ನಾನು ಆ ರೈಲಿನಲ್ಲಿ ಕೂತು ನೋಡಿಬಿಟ್ಟೆ. ಚೆನ್ನಾಗಿತ್ತು.

ಲೈನಿಗೆ ಬಂದಾಗ ಮಧ್ಯಾಹ್ನ. ಮನೆಮನೆಯ ಮುಂದೆ ನಕ್ಷತ್ರ, ಹೊಸ ಬಟ್ಟೆಯ ಮಕ್ಕಳು, ಎಲ್ಲೋ ತಮಟೆ. ಅಜ್ಜಿ ತಲೆಗೂದಲು ಬಿಚ್ಚಿ, “ಅಯ್ಯೋ ನನ್ನಪ್ಪಾ, ನನ್ ಮಗಳ ತಾಳಿ ಕಿತ್ಕೊಂಡು ಓದ್ಯಲ್ಲೋ!” ಎಂದು ಕೂಗುತ್ತಾ ನಡೆದಳು. ತಮಟೆ ನಿಂತಿತು. ಜನ ಊಟದ ಕೈಯಲ್ಲೇ ಹೊರಗೆ ಬಂದರು.

ಅಪ್ಪ ನಮ್ಮ ಹೊಸ್ತಿಲ ಮೇಲೆ ಕೂತು ಅಚ್ಚು ಮುರುಕು ತಿನ್ನುತ್ತಿದ್ದ.

“ಯಾರು ಓಗಿದ್ದು ಅತ್ತೆ?” ಎಂದ, ನಿಜವಾದ ಕಾಳಜಿಯಿಂದಲೇ.

ಅಜ್ಜಿ ಅವನ ಮುಖ ಮುಟ್ಟಿದಳು, ಎದೆ ಮುಟ್ಟಿದಳು. “ಬದುಕವ್ನೆ! ನನ್ನಪ್ಪ ಬದುಕವ್ನೆ!” ಎಂದು ನಗುತ್ತಾ ಅಳುತ್ತಾ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. ದೃಷ್ಟಿ ತೆಗೆಯುತ್ತಿದ್ದಾಳೆ, ಅವನಿಗೆ! ಅವನನ್ನು ದಾಟಿ ಒಳಗೆ ನುಗ್ಗಿದೆ. ಅಮ್ಮ ಒಲೆಯ ಪಕ್ಕದಲ್ಲಿ ಬಿದ್ದಿದ್ದಳು. ಬಲಗೈ ಮೊಣಕೈಯ ಕೆಳಗೆ, ಬಾಗಬಾರದ ಕಡೆ ಬಾಗಿತ್ತು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ಕಿವಿಯಿಂದ ಇಳಿದ ರಕ್ತ ರವಿಕೆಯ ಮೇಲೆ ಒಣಗಿತ್ತು. ಸೆರಗಿನ ತುದಿ ಇನ್ನೂ ಹಲ್ಲಿನ ನಡುವೆ ಇತ್ತು.

“ಇಲ್ಲಿ ನೋಡಜ್ಜಿ! ಅವನ್ನಲ್ಲ, ಇವಳ್ನ ನೋಡು!” ಎಂದು ಕಿರುಚಿದೆ.

ಅಜ್ಜಿ ಒಳಗೆ ಬಂದಳು. ನೋಡಿದಳು. ಮಗಳ ಹಲ್ಲಿನಿಂದ ಸೆರಗು ಬಿಡಿಸಿದಳು.

ಹೊರಗೆ ಅಪ್ಪನಿಗೆ ಮಾವನ ಕೈಯಲ್ಲಿದ್ದ ಹಾರವೂ ಬಿಳಿ ಬಟ್ಟೆಯೂ ಕಂಡವು. ಅವನ ದನಿ ಬದಲಾಯಿತು. “ಯಾರ್ ಏಳಿದ್ದು ನಾನ್ ಸತ್ತೆ ಅಂತ?”

“ನಾನೇ” ಎಂದೆ.

ಅವನು ನನ್ನ ಜಡೆ ಹಿಡಿದು ಬಾಗಿಲ ಕಂಬಕ್ಕೆ ಅಪ್ಪಳಿಸಿದ. ಹಣೆ ಒಡೆಯಿತು, ಕಣ್ಣಿಗೆ ರಕ್ತ ಇಳಿಯಿತು. ಎರಡನೆಯ ಸಲ ಅಪ್ಪಳಿಸಿದ. ಮಾವ ಹಾರ ಹಿಡಿದ ಕೈಯನ್ನೇ ಚಾಚಿಕೊಂಡು, “ಬುಡಿ ಭಾವ, ಮಗಾ ಅದು... ಗಂಡ ಹೆಂಡಿರ ಜಗಳ, ನಾವು ಓಯ್ತೀವಿ ಬುಡಿ” ಎಂದು ಗೊಣಗುತ್ತಿದ್ದ. ಗಂಡಸು ಎಂಬ ಹೆಸರಿಗೆ ಅಲ್ಲಿ ಅಪ್ಪನೊಬ್ಬನೇ ಇದ್ದ, ಅದೇ ದುರಂತ.

ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. “ಆ ಹಾರ ಕೊಡ್ಲಾ ಇಲ್ಲಿ” ಎಂದಳು ಮಾವನಿಗೆ.

“ಯಾಕವ್ವಾ?”

“ಹೆಣಕ್ಕೆ ತಂದ ಹೂವ ಮನೆಗೆ ವಾಪಸ್ ಒಯ್ಯಂಗಿಲ್ಲ. ಗೊತ್ತಿಲ್ವಾ ನಿಂಗೆ?”

ಅವಳು ಹಾರ ಕಿತ್ತುಕೊಂಡು ಅಪ್ಪನ ಕೊರಳಿಗೆ ಹಾಕಿದಳು. ನನ್ನ ಜಡೆ ಹಿಡಿದಿದ್ದ ಕೈ ಸಡಿಲಾಯಿತು. ಅವಳು ಬಿಳಿ ಬಟ್ಟೆಯ ಮಡಿಕೆ ಬಿಚ್ಚಿದಳು. ಅಪ್ಪ ಹಿಂದೆ ಸರಿದ. ಸಾವಿರಾರು ಅಡಿ ಕೆಳಗೆ ಬಂಡೆಗೆ ಎದೆಯೊಡ್ಡುವ ಮನುಷ್ಯನ ಮುಖ ಬೂದಿ ಬಣ್ಣಕ್ಕೆ ತಿರುಗಿತು.

“ಬ್ಯಾಡ ಅತ್ತೆ. ನಾಳಿದ್ದು ನಾನು ಕೆಳಗಿಳೀಬೇಕು. ಬ್ಯಾಡ.”

“ನನ್ ಪಾಲಿಗೆ ನೀನು ಇವತ್ತೇ ಇಳ್ದೆ” ಎಂದು ಅಜ್ಜಿ ಬಟ್ಟೆಯನ್ನು ಅವನ ತಲೆಯ ಮೇಲೆ ಬೀಸಿ ಎಸೆದಳು. ಎಸೆದು, ಎದೆ ಬಡಿದುಕೊಂಡು, ಬದುಕಿರುವ ಅಳಿಯನ ಮುಖಕ್ಕೇ ಸಾವಿನ ಹಾಡು ಹೇಳಲು ಶುರುಮಾಡಿದಳು. ಅಪ್ಪ ಬಟ್ಟೆಯನ್ನು ಪರಚಿ ಪರಚಿ ತೆಗೆದ, ಹಾರ ಹರಿದ, ಬರಿಗಾಲಲ್ಲಿ ಓಡಿದ. ಲೈನಿನ ಉದ್ದಕ್ಕೂ ಜನ ಅವನಿಗೆ ತಾಗದ ಹಾಗೆ ಗೋಡೆಗೆ ಒತ್ತಿಕೊಂಡು ನಿಂತರು. ಒಬ್ಬ ಹುಡುಗ ನಕ್ಕ, ಅವನ ತಾಯಿ ಬಾಯಿಗೆ ಬಡಿದಳು. ಆಮೇಲೆ ಕೆಲವು ದಿನ ಯಾರೂ ಅವನ ಜೊತೆ ಗಣಿಯೊಳಗೆ ಇಳಿಸುವ ಪಂಜರ ಹತ್ತಲು ಒಪ್ಪಲಿಲ್ಲವಂತೆ. ಅವನು ಸಾಯಲೇನೂ ಇಲ್ಲ, ಬಹಳ ವರ್ಷ ಗಟ್ಟಿಮುಟ್ಟಾಗಿ ಬದುಕಿದ.

ನಾನು ರಕ್ತ ಒರೆಸಿಕೊಂಡು ಅಮ್ಮನ ಕಡೆ ತಿರುಗಿದೆ. ಅವಳು ಗೋಡೆ ಹಿಡಿದು ಬಾಗಿಲವರೆಗೆ ಬಂದು ಎಲ್ಲವನ್ನೂ ನೋಡಿದ್ದಳು. ನನಗೆ ಹೆಮ್ಮೆಯಾಗಿತ್ತು. ಅವಳು ಎಡಗೈ ಎತ್ತಿ ನನ್ನ ಕೆನ್ನೆಗೆ ಬಾರಿಸಿದಳು. ಅವಳು ನನಗೆ ಹೊಡೆದದ್ದು ಜನ್ಮದಲ್ಲಿ ಅದೊಂದೇ ಸಲ.

“ತಾಳಿ ಕಟ್ಟಿದೋನ್ನ ಬಾಯಾಗೆ ಸಾಯ್ಸಿದ್ಯಲ್ಲೇ, ಮುಂಡೇದೆ! ನೀನು ಬೇಕಾದ್ರೆ ಓಗು. ನಾನು ಬರಲ್ಲ. ಅವನು ಬತ್ತಾನೆ, ಉಣ್ಣಕ್ಕಿಕ್ಬೇಕು.”

ಅಪ್ಪನ ಎರಡು ಏಟಿಗೂ ಬರದ ಅಳು ನನಗೆ ಆಗ ಬಂತು. ಇಷ್ಟೆಲ್ಲ ಮಾಡಿದ್ದು ಇವಳನ್ನು ಇಲ್ಲಿಂದ ಬಿಡಿಸಲು, ಇವಳು ಒಲೆಯ ಕಡೆ ತಿರುಗುತ್ತಿದ್ದಾಳೆ. ಅವಳ ಮೇಲೆ ಬಿದ್ದು ಕಚ್ಚಬೇಕು ಅನ್ನಿಸಿತು.

ಅಜ್ಜಿ ಅಡ್ಡ ನಿಂತಳು. “ನೋಡಮ್ಮಾ, ಇವತ್ತು ಸಾವು ಅಂತ ಎದೆ ಬಡ್ಕೊಂಡು ಬಂದೆ. ಇನ್ನೊಂದ್ಸಲ ಇಂಗೇ ಬರೋ ಶಕ್ತಿ ನಂಗಿಲ್ಲ, ಅವತ್ತು ಒಳಗೆ ಮಲ್ಗಿರೋಳು ನೀನಾಗಿರ್ತೀಯ. ನಾನೇ ನಿನ್ನ ಎರಡು ಸಲ ವಾಪಸ್ ಕಳ್ಸಿದ್ದು. ತಪ್ಪಾಯ್ತು. ನಡಿ.”

ಅಜ್ಜಿ ಯಾರಿಗಾದರೂ ತಪ್ಪಾಯ್ತು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮನಿಗೂ ಅದೇ ಮೊದಲಿರಬೇಕು. ಒಲೆಯ ಕಡೆ ತಿರುಗಿದ್ದವಳು ವಾಪಸ್ಸು ಬಂದು ಹೊಸ್ತಿಲ ಮೇಲೆ ಕೂತಳು. ಅಪ್ಪ ಬಾಗಿಲಲ್ಲಿ ಕೂತಿದ್ದರಿಂದ ಅಲ್ಲಿಯವರೆಗೆ ಒಳಗೆ ಬರಲಾಗದಿದ್ದ ಪಕ್ಕದ ಮನೆ ಅಕ್ಕ ಈಗ ಬಂದು, ಮುರಿದ ಕೈಗೆ ಕಟ್ಟಲು ದಬ್ಬೆ ಹುಡುಕಿದಳು. ಸಿಗದೆ, ತನ್ನ ಮನೆ ಮುಂದಿನ ನಕ್ಷತ್ರವನ್ನೇ ಕೆಳಗಿಳಿಸಿ, ಕಾಗದ ಹರಿದು, ಬಿದಿರ ಕಡ್ಡಿಗಳನ್ನು ಎಳೆದು ಕಟ್ಟಿದಳು. ನನ್ನ ಮಡಿಲಿಗೆ ಒಂದು ಗಂಟು ಕುಲ್‌ಕುಲ್ ಹಾಕಿದಳು.

ಸಂಜೆಯ ರೈಲು ಖಾಲಿಯಾಗಿತ್ತು. ಅಜ್ಜಿಯೂ ಮಾವನೂ ಆ ಕಡೆ ಕೂತರು. ಅಮ್ಮ ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಅವಳು ಆಮೇಲೆ ಆ ಮನೆಗೆ ಹೋಗಲಿಲ್ಲ, ಕೂಲಿ ಮಾಡಿ ನನ್ನನ್ನು ಸಾಕಿದಳು. ಆದರೆ ಅದೆಲ್ಲ ಅವತ್ತು ನನಗೆ ಗೊತ್ತಿರಲಿಲ್ಲ. ಅವಳು ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ಸು ಹೋಗಿಬಿಟ್ಟರೆ ಎಂದು ಅವಳ ಸೀರೆಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು. “ಬೆಳಿಗ್ಗೆ ಇದೇ ರೈಲಾಗೆ ಬಂದ್ರಲ್ಲ. ಅವ್ನು ಓಗ್ಬುಟ್ಟ ಅಂತ ಎಲ್ರೂ ನಂಬ್ಕೊಂಡು. ಆವಾಗ ನಿಂಗೆ ಅಳು ಬಂತಾ?”

ಇನ್ನೊಂದು ಏಟು ಬೀಳುತ್ತದೆ ಅಂದುಕೊಂಡೆ. ಆದರೂ ಅವತ್ತಿನ ಸುಳ್ಳುಗಳು ಸಾಕಾಗಿದ್ದವು.

“ಇಲ್ಲಮ್ಮ” ಎಂದೆ.

ಅವಳು ಎಡಗೈಯಿಂದ ನನ್ನ ಮಡಿಲಿನ ಗಂಟು ಬಿಚ್ಚಿ ಒಂದು ಕುಲ್‌ಕುಲ್ ನನ್ನ ಕೈಗಿಟ್ಟಳು.

“ನಂಗೂ ಬತ್ತಿರ್ಲಿಲ್ಲ ಕಣೆ” ಎಂದಳು.